ಎರಡನೇ ಗೇರು

ಎಂಬತ್ತೈದು ಅಂದೆ.
ಎರ್ಮು ಟೈರಿಗೆ ಒದೆಯಲಿಲ್ಲ,
ಸೀಟು ಎತ್ತಿ ಎಂಜಿನ್ನು ನೋಡಲಿಲ್ಲ.
ಓಮ್ನಿಯ ಪಕ್ಕದ ಬಾಗಿಲು ಜಾರಿಸಿ ಒಳಗೆ ಮೂಗಿಟ್ಟು
‘ಹತ್ತು ವರ್ಷದ ಬನ್ನಿನ ವಾಸನೆ ಅಕ್ಕ,
ನನ್ನ ಮತ್ತಿ ಒಂದೇ ವಾರದಲ್ಲಿ ಓಡಿಸ್ತದೆ’ ಅಂತ ನಕ್ಕ.
ಇದ್ದ ಹಾಗೇ ತಗೊಳ್ತೇನೆ.
ಸೋಮವಾರ ಬರ್ತೇನೆ.
ಅಷ್ಟೇ.
ಅಡ್ವಾನ್ಸಿಲ್ಲ, ಚೀಟಿಯಿಲ್ಲ, ಕೈಗೆ ಕೈ ಕೂಡ ತಾಗಲಿಲ್ಲ,
ನನ್ನ ಕೈ ತುಂಬ ಮೈದಾ.
ಆಯ್ತು ಅಂದೆ.
ಆ ‘ಆಯ್ತು’ ಅಮ್ಮತ್ತಿಯ ಬೇಕರಿಯ ಮೆಟ್ಟಿಲಿಳಿದು
ಅವನ ಸ್ಕೂಟರಿನ ಹಿಂದೆ, ಖಾಲಿ ಮೀನಿನ ಬುಟ್ಟಿಯಲ್ಲಿ ಕೂತು
ನೆಲ್ಯಹುದಿಕೇರಿಗೆ ಹೋಯಿತು.

ಶನಿವಾರ ಬಿದ್ದಪ್ಪ ಬಂದರು,
ಗೋಣಿಕೊಪ್ಪದಲ್ಲಿ ಪೈಪು, ಮೋಟಾರಿನ ಅಂಗಡಿ.
ಸೀಟು ಎತ್ತಿಸಿದರು, ಆಯಿಲ್ ಕಡ್ಡಿ ಒರೆಸಿ ಮೂಸಿದರು.
ಕೆಎ ಹನ್ನೆರಡು, ಒಬ್ಬರದ್ದೇ ಕೈ, ಇನ್ಶೂರೆನ್ಸಿಗೆ ಇನ್ನೂ ಜೀವ ಇದೆ.
ಒಂದು ಲಕ್ಷ. ಈಗಲೇ.
ಕೊಟ್ಟಾಗಿದೆ ಅಂದೆ.
ದುಡ್ಡು ಬಂತಾ?
ಇಲ್ಲ.
ಬರೆದು ಕೊಟ್ರಾ?
ಇಲ್ಲ.
ಮತ್ತೆ ಕೊಟ್ಟಿದ್ದೇನು?

ಏನು ಕೊಟ್ಟೆ ಅಂತ ನನಗೂ ಗೊತ್ತಿರಲಿಲ್ಲ.
ಓವನ್ನಿನ ಕಂತು ಹನ್ನೊಂದು ಸಾವಿರ, ಅದು ಗೊತ್ತಿತ್ತು.
ಹದಿನೈದು ಸಾವಿರಕ್ಕೆ ಎಷ್ಟು ಮೂಟೆ ಮೈದಾ, ಅದೂ ಗೊತ್ತಿತ್ತು.
ರಾತ್ರಿ ಹಿಟ್ಟು ನಾದುತ್ತ ನಾದುತ್ತ
ಎರ್ಮುವಿನ ಮೇಲೆ ಸಿಟ್ಟು ಬಂತು:
ಒಂದು ಸಾವಿರವಾದರೂ ಮುಂಗಡ ಕೊಟ್ಟಿದ್ದರೆ
ನಾನು ಒಳ್ಳೆಯವಳಾಗುವ ಖರ್ಚಿನಲ್ಲಿ
ಅವನದ್ದೂ ಒಂದು ಪಾಲಿರುತ್ತಿತ್ತು.

ಭಾನುವಾರ ಎರಡು ಸಲ ಫೋನೆತ್ತಿಕೊಂಡೆ.
ನಾಲಗೆಯ ತುದಿಯಲ್ಲಿ ಸುಳ್ಳು ತಯಾರಿತ್ತು,
‘ಅಣ್ಣ ಕೇಳ್ತಿದ್ದಾನೆ, ಗಾಡಿ ಮನೆಯಲ್ಲೇ ಇರಲಿ ಅಂತ...’
ಆ ಕಡೆ ರಿಂಗಾಗುವ ಮೊದಲೇ ಕಟ್ ಮಾಡಿದೆ.
ದೇವರ ಭಯವಲ್ಲ.
ಅವನು ‘ಆಯ್ತು ಅಕ್ಕ’ ಅಂದುಬಿಡುತ್ತಾನಲ್ಲ, ಆ ಭಯ.

ಬಂದ. ಬೆಳಿಗ್ಗೆ ಆರೂವರೆಗೆ.
ಹೂಮಳೆ ಬಿದ್ದು ಒಂಬತ್ತನೇ ದಿನ,
ಕಾಫಿ ಬೆಳ್ಳಗಿತ್ತು, ತೊಳೆದಿಟ್ಟ ಓಮ್ನಿಯೂ.
ಬ್ರೆಡ್ಡಿನ ಟ್ರೇ ಮೇಲೆ ಎಂಬತ್ತೈದು ಎಣಿಸಿದ,
ನೋಟುಗಳಲ್ಲಿ ಐಸಿನ ತೇವ.
ಇಪ್ಪತ್ತೊಂಬತ್ತು, ಮೂವತ್ತನೇ ನಂಬರಿನ ಫಾರಮ್ಮಿಗೆ ಸಹಿ ಹಾಕುವಾಗ
ನನ್ನ ಬೆನ್ನು ಎಷ್ಟು ನೆಟ್ಟಗಿತ್ತು!
ಲಕ್ಷದ ಕತೆ ಹೇಳಿಯೂ ಹೇಳಿದೆ. ಹೇಳಬಾರದಿತ್ತು.
ಅವನು ಕಣ್ಣು ತಗ್ಗಿಸಿ
ಜೇಬಿನಿಂದ ಇನ್ನೊಂದು ಐನೂರು ತೆಗೆದ.
‘ಬೇಡಪ್ಪ’ ಅಂದೆ, ದೊರೆಸಾನಿಯ ಹಾಗೆ.

ಎರಡನೇ ಗೇರಿನ ವಿಷಯ ಹೇಳಲಿಲ್ಲ.
ಭಾರ ಹೇರಿ ಏರು ಹತ್ತುವಾಗ ಅದು ತಾನಾಗಿ ಜಿಗಿದು ನ್ಯೂಟ್ರಲಿಗೆ ಬರುತ್ತದೆ,
ಎಡಗೈಯಲ್ಲಿ ಒತ್ತಿ ಹಿಡಿದೇ ಹತ್ತಬೇಕು.
ಸಿದ್ದಾಪುರದ ಮೆಕ್ಯಾನಿಕ್ಕು ಒಂಬತ್ತು ಸಾವಿರ ಅಂದಿದ್ದ.
ಆರು ವರ್ಷದಿಂದ ನನ್ನ ಎಡಹೆಗಲಿಗೆ ಗೊತ್ತು.
ಅವನು ಕೇಳಲಿಲ್ಲ.
ಇದ್ದ ಹಾಗೇ ಅಂದಿದ್ದನಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಗಾದೆ ಅಲ್ಲಿಗೇ ನಿಲ್ಲುತ್ತದೆ.
ಆಡದೆ, ಹಿಟ್ಟಿನ ಡಬ್ಬದ ತಳದಲ್ಲಿ
ಮುಚ್ಚಿಟ್ಟುಕೊಂಡ ಮಾತಿಗೆ ಗಾದೆ ಸಿಗಲಿಲ್ಲ.

ಈಗ ದಿನಾ ಎಂಟು ಗಂಟೆಗೆ
ಪಾಲಿಬೆಟ್ಟದ ಕಡೆಯ ಏರಿನಲ್ಲಿ ಅವನ ಹಾರ್ನು.
ಒಂದು ಗಳಿಗೆ ಎಂಜಿನ್ನು ಬರಿದೇ ಅರಚುತ್ತದೆ,
ಬ್ರೆಡ್ಡು ಕೊಯ್ಯುವ ನನ್ನ ಕೈ ನಿಲ್ಲುತ್ತದೆ,
ಅಷ್ಟರಲ್ಲಿ ಗೇರು ಕಚ್ಚಿಕೊಳ್ಳುತ್ತದೆ.
ಬೇಕರಿ ದಾಟುವಾಗ ಕೈ ಬೀಸುವುದಿಲ್ಲ ಅವನು,
ಬಲಗೈ ಸ್ಟೇರಿಂಗಿಗೆ, ಎಡಗೈ ಆ ಕಡ್ಡಿಗೆ.
ತಲೆ ಮಾತ್ರ ಆಡಿಸುತ್ತಾನೆ.

ಗುರುವಾರ ನಿಲ್ಲಿಸಿ ಮತ್ತಿ ತೂಗುತ್ತಾನೆ.
ತಕ್ಕಡಿ ನನ್ನ ಕಡೆಗೇ ಸ್ವಲ್ಪ ವಾಲಿರುತ್ತದೆ.
‘ಗಾಡಿ ಹೇಗಿದೆ ಎರ್ಮು?’
‘ನೀವು ಹೇಳಿದ ಹಾಗೇ ಉಂಟು ಅಕ್ಕ.’
ನಾನು ಚಿಲ್ಲರೆ ಎಣಿಸುತ್ತೇನೆ,
ಎರಡೆರಡು ಸಲ.