ಎರಡು ಗಂಟೆಗೊಮ್ಮೆ

ಹೆಬ್ಬೆರಳು ಆಡಿಸಿ ನೋಡುವ, ಪೂವಪ್ಪಣ್ಣ.
ಉಗುರು ಒತ್ತಿ ಬಿಟ್ಟೆ:
ಬಿಳಿ, ಮತ್ತೆ ಕೆಂಪು.

ಇಪ್ಪತ್ತೆರಡು ವರ್ಷ
ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ಸಿನ ಬಾಗಿಲಲ್ಲಿ ನೇತಾಡಿದವರು;
ಈಗ ಅವರ ಕಾಲಿಂದ ನೇತಾಡುತ್ತಿದೆ
ಐದು ಕಿಲೋ ತೂಕ.
ಅದು ನೆಲ ಮುಟ್ಟದ ಹಾಗೆ ನೋಡುವುದು
ನನ್ನ ರಾತ್ರಿ ಪಾಳಿ.

ನಿದ್ದೆಯಲ್ಲಿ ಕೂಗುತ್ತಾರೆ: ಕಟಪಾಡಿ, ಕಾಪು, ಪಡುಬಿದ್ರಿ...
ಮೂಲ್ಕಿ ಬರುವ ಮೊದಲೇ ನೋವು ಎಬ್ಬಿಸುತ್ತದೆ.
ಬೆನ್ನು ಒರೆಸುತ್ತೇನೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ
ಮೀನಖಂಡದಡಿ ಮಡಚಿದ ಟವೆಲ್.
ಬೆಡ್‌ಪ್ಯಾನ್ ಇಡುವಾಗ ಅವರು ಗೋಡೆ ನೋಡುತ್ತಾರೆ,
ನಾನೂ.

ಕಾಲೇಜಿಗೆ ಹೋಗುವಾಗ ಚಿಲ್ಲರೆಗಾಗಿ ಬೈದದ್ದು
ಇವರೇ ಇರಬೇಕು. ಹೇಳಲಿಲ್ಲ.

ಬೆಳಗಿನ ಜಾವ: ನಿಮ್ಮ ಸ್ಟಾಪ್ ಯಾವುದು, ಸಿಸ್ಟರ್?
ಯರ್ಮಾಳು.
ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲುವುದಿಲ್ಲವಲ್ಲ, ಎಂದು
ಸ್ವಲ್ಪ ಹೊತ್ತು ಛಾವಣಿ ನೋಡಿದರು.
ನಿಲ್ಲಿಸುವ.
ಹೆಬ್ಬೆರಳು ತಾನಾಗಿ ಆಡಿತು.