ಕಂಬದ ಹತ್ತಿರ ತಿರುಗುವಾಗ

ಸದ್ದು ಮಾತ್ರ ಈಗಲೂ ಹಾಗೇ ಇದೆ:
ಒಣಗಿದ ಹರಳುಕಾಯಿ ಬಿಸಿಲಿಗೆ ಸಿಡಿದಂತೆ, ಟಕ್.
ಆಮೇಲೆ ನೆಲ.
ಬಾಯಲ್ಲಿ ಗೆರೆಯ ಸುಣ್ಣ.
ಕಂಬದ ಹತ್ತಿರ ತಿರುಗಿದ್ದು ನಾನು,
ತಿರುಗದೆ ಅಲ್ಲೇ ಊರಿಕೊಂಡದ್ದು ನನ್ನ ಎಡಪಾದ.
ನಡುವೆ ಸಿಕ್ಕಿಕೊಂಡ ಮಂಡಿ
ಯಾರ ಮಾತು ಕೇಳಬೇಕು, ಪಾಪ?

ಹತ್ತೊಂಬತ್ತಾಗಿತ್ತು ನನಗೆ. ಭದ್ರಾವತಿಯವರ ಮೇಲೆ ಫೈನಲ್.
ಒಂದು ವಾರದಿಂದ ಮಂಡಿ ಗೊಣಗುತ್ತಲೇ ಇತ್ತು
ಮೆಟ್ಟಿಲಿಳಿಯುವಾಗ, ಬಟ್ಟೆ ಒಗೆದು ಏಳುವಾಗ.
ಹೇಳಿದರೆ ಹೊರಗೆ ಕೂರಿಸುತ್ತಾರೆ.
ಹೇಳಲಿಲ್ಲ.

ಡಲ್ಫೀನತ್ತೆ ಅವತ್ತೇ ರಾತ್ರಿ ಎಣ್ಣೆ ಬಿಸಿ ಮಾಡಿ ತಿಕ್ಕಿದಳು.
ತಿಕ್ಕಿದಷ್ಟೂ ಊದಿತು, ಬೆಳಗಾಗುವಷ್ಟರಲ್ಲಿ
ನನ್ನ ಕಾಲಿಗೊಂದು ಎಳೆ ಹಲಸು ಬಿಟ್ಟಿತ್ತು.
ಪ್ರೀತಿಯಿಂದಲೇ ತಿಕ್ಕಿದ್ದು. ಊತಕ್ಕೆ ಪ್ರೀತಿ ಗೊತ್ತಾಗುವುದಿಲ್ಲ.

ರಿಪ್ಪನ್‌ಪೇಟೆ ಕಡೆಯಿಂದ ಮೂಳೆ ಕಟ್ಟುವ ಹುಚ್ಚಪ್ಪನನ್ನು ಕರೆಸಿದರು.
ಬಿದಿರಿನ ದಬ್ಬೆ, ನಾಲ್ಕು ಮೊಟ್ಟೆ, ಹಳೇ ಪಂಚೆಯ ಪಟ್ಟಿ,
ಎಲ್ಲ ಸಾಲಾಗಿ ಇಟ್ಟುಕೊಂಡ. ಹೆಬ್ಬೆರಳಲ್ಲಿ ಒತ್ತಿ ನೋಡಿದ.
ಎಲ್ಲವನ್ನೂ ಮತ್ತೆ ಚೀಲಕ್ಕೆ ಹಾಕಿದ.
"ಮೂಳೆ ಆಗಿದ್ರೆ ಕಟ್ತಿದ್ದೆ ಮಗಾ. ಇದು ಒಳಗೆ ಹಗ್ಗ ಹರಿದದ್ದು.
ನನ್ನ ಕೈಲಾಗದು, ದೊಡ್ಡಾಸ್ಪತ್ರೆಗೆ ಹೋಗು."
ಆ ಮನೆ ತುಂಬ ಜನರಲ್ಲಿ
ಗೊತ್ತಿಲ್ಲ ಎಂದವನು ಅವನೊಬ್ಬನೇ.

ಈಗ ನಾನು ಪೀಟಿ ಮೇಡಂ.
ಸಂಜೆ ನಾಲ್ಕೂವರೆ. ಹೊಳೆ ಕಡೆಯಿಂದ ಗಾಳಿ.
ಹದಿಮೂರು ಹುಡುಗಿಯರು ಬಗ್ಗಿ ಮೈದಾನದ ಕಲ್ಲು ಹೆಕ್ಕುತ್ತಾರೆ,
ಶಾಪ ಹಾಕುತ್ತ, ನನಗೆ ಕೇಳಿಸುವಷ್ಟು ಮೆಲ್ಲಗೆ.
ಮೈ ಬೆಚ್ಚಗಾಗದೆ ಕಂಬ ಮುಟ್ಟುವಂತಿಲ್ಲ.
ಹಾರಿ ಇಳಿದರೆ ಬೆಕ್ಕಿನ ಹಾಗೆ ಇಳಿಯಬೇಕು, ಮಂಡಿ ಬಾಗಿಸಿ.
ಸದ್ದಾಯಿತೋ, ಮತ್ತೆ ಹತ್ತು ಸಲ.
ಮಂಡಿಗಳೇನು ಗೆಳತಿಯರೇ, ಒಂದಕ್ಕೊಂದು ವಾಲಿಕೊಳ್ಳಲು?
ಬೆರಳು ನೋಡುವ ಕಡೆಗೇ ಮಂಡಿಯೂ ನೋಡಲಿ.
ಬೀಳುವಾಗ ಅಂಗೈ ಊರಬೇಡಿ, ಮಣಿಕಟ್ಟು ಮುರಿಯುತ್ತದೆ;
ಬಿದ್ದಮೇಲೆ ಬಿದ್ದೆವೆಂದು ಒಪ್ಪಿಕೊಂಡು ಉರುಳಿಬಿಡಿ.
"ಆಟ ಯಾವಾಗ ಮೇಡಂ?"
ಇದೇ ಕಣ್ರೇ.

ನಿನ್ನೆ ಪಲ್ಲವಿಬಾಯಿ
ಬಲಗಾಲಿನ ಲೇಸು ಎರಡು ಸಲ ಕಟ್ಟಿದಳು.
ಎರಡನೆಯ ಸಲ ತುಟಿ ಕಚ್ಚಿ.
ಆ ತುಟಿ ನನಗೆ ಗೊತ್ತು.
ಸಾಕ್ಸ್ ತೆಗಿ ಅಂದೆ. ಏನಿಲ್ಲ ಮೇಡಂ ಅಂದಳು.
ಏನಿಲ್ಲ ಎಂಬುದು ನೇರಳೆ ಬಣ್ಣಕ್ಕಿತ್ತು,
ಹರಡಿನ ಹೊರಬದಿಯಲ್ಲಿ, ಕೋಳಿಮೊಟ್ಟೆಯಷ್ಟು.

ಗೇಟಿನ ಹತ್ತಿರದ ಸೈಕಲ್ ಡಬ್ಬದಿಂದ
ಐದು ಐಸ್‌ಕ್ಯಾಂಡಿ ತಂದು ದುಪ್ಪಟ್ಟದಲ್ಲಿ ಸುತ್ತಿಟ್ಟೆವು.
ಕಿತ್ತಳೆ ನೀರು ಇಳಿದು ಕಾಲಿಗೆಲ್ಲ ಇರುವೆ.
ಮುಲಾಮು ತಿಕ್ಕಲು ಬಂದ ಕೈಯನ್ನು ನಡುದಾರಿಯಲ್ಲೇ ಹಿಡಿದೆ.
ಪಟ್ಟಿ ಸುತ್ತಿ ನನ್ನ ಬ್ಯಾಗಿನ ಮೇಲೆ ಕಾಲೆತ್ತಿಸಿದೆ:
ಎದೆಗಿಂತ ಮೇಲಿರಲಿ, ರಾತ್ರಿಯೂ, ದಿಂಬಿಟ್ಟು.
ಆಮೇಲೆ, ನಾಲ್ಕು ಹೆಜ್ಜೆ ನಡೆದು ತೋರಿಸು.
ಮೂರು ನಡೆದಳು. ನಾಲ್ಕನೆಯದು ನೆಲ ಮುಟ್ಟಲಿಲ್ಲ.
ಮೆಗ್ಗಾನಿನಲ್ಲಿ ಎಕ್ಸ್‌ರೇ, ಎರಡು ತಾಸು ಕ್ಯೂ.
ಮೂಳೆ ನೆಟ್ಟಗಿದೆ. ಉಳುಕು.

"ನಾಳೆ ಒಂದೇ ಒಂದು ಆಟ ಮೇಡಂ. ಬಿಗಿಯಾಗಿ ಕಟ್ಟಿಕೊಳ್ತೀನಿ."
ಹತ್ತೊಂಬತ್ತರ ನಾನು ನಿಂತಿದ್ದೆ ಎದುರಿಗೆ,
ಹದಿನೈದರ ಜಡೆ ಹಾಕಿಕೊಂಡು.
ಇಲ್ಲ ಅಂದೆ.
ಇಬ್ಬರಿಗೂ.

ಇವತ್ತು ಸೋತೆವು. ಎರಡೇ ಅಂಕ.
ವಾಪಸು ಬಸ್ಸು ಹತ್ತುವಾಗ ನನ್ನ ಮಂಡಿ ಗೊಣಗಿತು,
ಕಂಬಿ ಹಿಡಿದುಕೊಂಡೆ.
ಯಾರೂ ಹಾಡುತ್ತಿಲ್ಲ. ಚಿತ್ರಾನ್ನದ ಡಬ್ಬ ಯಾರೂ ತೆರೆದಿಲ್ಲ.
ಕೊನೆಯ ಸೀಟಿನಲ್ಲಿ ಪಲ್ಲವಿಬಾಯಿ
ಬೆಳಗಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ;
ಮುಖ ಪೂರ್ತಿ ಕಿಟಕಿಗೆ ಕೊಟ್ಟು, ಅಡ್ಡ ಒರಗಿ,
ಕಾಲನ್ನು ಮಾತ್ರ
ಬ್ಯಾಗಿನ ಮೇಲೆ ಬ್ಯಾಗಿಟ್ಟು
ಎತ್ತರಕ್ಕೆ ಇಟ್ಟುಕೊಂಡಿದ್ದಾಳೆ.