ಎಂಟಡಿ

ನಮ್ಮ ಹಳೆಯ ಕೋಣೆ ಎಂಟಡಿ ಅಗಲ.
ಯಾಕೆಂದರೆ ಚಪ್ಪಡಿ ಒಂಬತ್ತಡಿ,
ಆ ಗೋಡೆಗೆ ಅರ್ಧ, ಈ ಗೋಡೆಗೆ ಅರ್ಧ.

ಕೈವಾರದ ಕಡೆ ಬಂಡೆ ಸೀಳುತ್ತಿದ್ದ ಗಂಗುಲಪ್ಪ
ಒಂದೊಂದನ್ನೂ ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಡುತ್ತಿದ್ದ.
ಕಂಚಿನಂತೆ ಕಣಕಣ ಅಂದರೆ ಸೂರಿಗೆ,
ಬಿರುಕು ಮಡಕೆಯಂತೆ ಬೊದ್ದೆಂದರೆ
ಬಟ್ಟೆ ಒಗೆಯೋಕೆ.

"ಕಲ್ಲು ಆನೇನೂ ಹೊರ್ತದೆ, ಮಗಾ.
ಬಗ್ಗು ಅಂದ್ರೆ ಮಾತ್ರ
ಕೆಳಗಡೆ ಹೊಟ್ಟೆ ಬಿರೀತದೆ."

ಡಿಪ್ಲೊಮಾದಲ್ಲಿ ಇದನ್ನೇ
ಎರಡು ಪುಟ ಲೆಕ್ಕ ಮಾಡಿ
ಪಾಸಾದೆ. ನಲವತ್ತೊಂದು ಅಂಕ.

ಈಗ ಕಾಂಕ್ರೀಟಿನ ಹೊಟ್ಟೆಯೊಳಗೆ ಕಂಬಿ.
ಚಿಂತಾಮಣಿಯ ಹೊಸ ಮನೆ, ನಡುಮನೆ ಇಪ್ಪತ್ತಡಿ,
ನಾನೇ ಎಳೆದ ನಕ್ಷೆ.

ಒಕ್ಕಲಾದ ರಾತ್ರಿ ಅತ್ತೆ ಮುನಿರತ್ನಮ್ಮ
ಚಾಪೆ ಹಿಡಿದು ನಡುವೆ ನಿಂತಳು,
ಮೇಲೆ ನೋಡಿದಳು,
ಸರಿದು ಸರಿದು ಗೋಡೆ ಬದಿಗೆ ಹಾಸಿಕೊಂಡಳು.

ದೀಪ ಆರಿದ ಮೇಲೆ ಕತ್ತಲಲ್ಲಿ ಕೇಳಿದಳು:
"ಅಲ್ಲಿ ನಡುವೆ
ಯಾರಪ್ಪ ಹೊತ್ಕೊಂಡಿರೋದು?"